ಕಟ್ಟಿದೆ ಅಷ್ಟೇ, ಕಿತ್ತಿಲ್ಲ

ನನ್ನ ವಾರಗಿತ್ತಿಯನ್ನು ಬೀದಿಯವರೆಲ್ಲ ಮೊಂಡಕ್ಕ ಎಂದೇ ಕರೆಯುತ್ತಾರೆ. ಆ ಹೆಸರಿಟ್ಟವಳು ನಾನು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅಡುಗೆಮನೆಯ ಗೋಡೆಯಲ್ಲಿದ್ದ ಮರದ ಗೂಟಕ್ಕೆ ನನ್ನ ಕೈಚೀಲ ನೇತುಹಾಕಿದ್ದೆ. ಅದು ತನ್ನ ಗೂಟ ಎಂದು ಅವಳು ಚೀಲ ತೆಗೆದು ಕಿಟಕಿಯಲ್ಲಿಟ್ಟಳು. ನಾನು ಮತ್ತೆ ನೇತುಹಾಕಿದೆ. ಅವಳು ಮತ್ತೆ ತೆಗೆದಳು. ಕೆಲವು ದಿನ ಹೀಗೆ ನಡೆದ ಮೇಲೆ ಅವಳು ಇಕ್ಕಳ ತಂದು ಗೂಟವನ್ನೇ ಕಿತ್ತು, ಕೆಲಸದ ಮೇಲಂಗಿಯ ಜೇಬಿಗೆ ಹಾಕಿಕೊಂಡು ಓಡಾಡಿದಳು. ಅವತ್ತು ನಾನು ಅವಳನ್ನು ಮೊಂಡಕ್ಕ ಎಂದೆ, ಅವಳು ನನ್ನನ್ನು ಗೊಣಗಮ್ಮ ಎಂದಳು. ಎರಡು ಹೆಸರೂ ಅಂಟಿಕೊಂಡವು.

ನಮ್ಮದು ಸ್ಕ್ರೀನ್ ಪ್ರಿಂಟಿಂಗ್ ಮನೆ. ಮೇಲೆ ವಾಸ, ಕೆಳಗೆ ಕೆಲಸ. ಅಂಗಡಿಗಳ ಬಟ್ಟೆಚೀಲ, ಆಟದ ತಂಡಗಳ ಬನಿಯನ್ನು, ಗೋಡೆಗೆ ಹಾಕುವ ಫಲಕ, ಏನು ತಂದರೂ ಅದರ ಮೇಲೆ ಅಕ್ಷರ ಕೂರಿಸಿ ಕೊಡುತ್ತೇವೆ. ಮೊಂಡಕ್ಕನ ಗಂಡ, ಅಂದರೆ ನನ್ನ ಭಾವ, ಮರದ ಚೌಕಟ್ಟಿಗೆ ನೈಲಾನ್ ಬಲೆ ಬಿಗಿಯುತ್ತಾರೆ. ನನ್ನ ಗಂಡ ಸರಕು ತಲುಪಿಸುತ್ತಾನೆ. ಅಚ್ಚು ಹಾಕುವವರು ನಾವಿಬ್ಬರು. ಒಬ್ಬಳು ಬಟ್ಟೆ ಇಟ್ಟು ತೆಗೆಯಬೇಕು, ಇನ್ನೊಬ್ಬಳು ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯಬೇಕು. ಜಗಳವಾಡುತ್ತಲೇ ಮಾಡಬಹುದಾದ ಕೆಲಸ ಇದು. ನಾವು ಮಾತು ಬಿಟ್ಟ ದಿನಗಳಲ್ಲೂ ಕೈಗಳು ಮಾತ್ರ ಒಂದಕ್ಕೊಂದು ಹೊಂದಿಕೊಂಡೇ ನಡೆದಿವೆ.

ಬಲೆಯ ಸಣ್ಣ ಕಣ್ಣುಗಳಿಂದ ಬಣ್ಣ ಇಳಿದರೆ ಅಕ್ಷರ ಮೂಡುತ್ತದೆ. ಬಣ್ಣ ಒಣಗಿ ಕಣ್ಣು ಕಟ್ಟಿಕೊಂಡರೆ ಮೂಡುವುದಿಲ್ಲ. ಬಲೆಯೇ ಹರಿದಿದ್ದರೆ ಬಣ್ಣ ಕಂಡಕಂಡಲ್ಲಿ ಸೋರುತ್ತದೆ. ಅಚ್ಚು ಕೆಟ್ಟಿತೆಂದು ಯಾರಾದರೂ ಕೂಗಿದರೆ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ಕಟ್ಟಿದೆಯಾ, ಕಿತ್ತಿದೆಯಾ? ಕಿತ್ತಿದ್ದರೆ ಬಿಚ್ಚಿ ಎಸೆಯುತ್ತೇವೆ. ಕಟ್ಟಿದ್ದರೆ ಬಣ್ಣ ಕರಗಿಸುವ ತಿನ್ನರ್ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿ ಬಿಡಿಸುತ್ತೇವೆ. ಭಾವ ಬೇಸತ್ತು ಬಿಸಾಡಿದ ಬಲೆಗಳನ್ನು ಮೊಂಡಕ್ಕ ಕಸದ ಡಬ್ಬಿಯಿಂದ ಎತ್ತಿ ತಂದು, ಅವರ ಮುಂದೆಯೇ ಕೂತು ಬಿಡಿಸಿದ್ದುಂಟು.

ಇನ್ನು ನಮ್ಮ ಹಳದಿ ಕೋಣೆಯ ವಿಷಯ ಹೇಳಲೇಬೇಕು. ಬಲೆಗೆ ಮೊದಲು ಒಂದು ಮಂದ ದ್ರಾವಣ ಬಳಿಯುತ್ತೇವೆ. ಸಾಮಾನ್ಯ ಬೆಳಕು ಬಿದ್ದರೆ ಅದು ಗಟ್ಟಿಯಾಗಿ ಕೆಡುತ್ತದೆ, ಹಳದಿ ಬೆಳಕಿನಲ್ಲಿ ಮಾತ್ರ ಕೆಡುವುದಿಲ್ಲ. ಹಾಗಾಗಿ ಹಿಂದಿನ ಕೋಣೆಯ ಕಿಟಕಿಗೆಲ್ಲ ಹಳದಿ ಹಾಳೆ ಅಂಟಿಸಿ, ಹಳದಿ ಬಲ್ಬು ಹಾಕಿದ್ದೇವೆ. ಮನೆಯಲ್ಲಿ ತಂಪಾದ ಜಾಗವೂ ಅದೇ ಆದ್ದರಿಂದ ನಮ್ಮ ಊಟ, ಚಹಾ, ಬೈದಾಟ ಎಲ್ಲ ಅಲ್ಲೇ. ಅಲ್ಲಿ ಅನ್ನವೂ ಹಳದಿ, ಹಾಲೂ ಹಳದಿ, ಭಾವನ ಬಿಳಿ ಮೀಸೆಯೂ ಹಳದಿ. ಹೊಸಬರು ಬಂದರೆ ಕಣ್ಣುಜ್ಜಿಕೊಳ್ಳುತ್ತಾರೆ. ನಮಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವುದೇ ಆ ಬೆಳಕಿನಲ್ಲಿ.

ಎರಡು ವರ್ಷದ ಹಿಂದೆ ಮೊಂಡಕ್ಕನ ಕತ್ತಿನಲ್ಲಿ ಗಂಟೊಂದು ಎದ್ದಿತ್ತು. ಲಿಂಫೋಮಾ ಎಂದರು, ಮೈಯೆಲ್ಲ ಹರಡಿಕೊಂಡಿರುವ ದುಗ್ಧಗ್ರಂಥಿಗಳಿಗೆ ಬರುವ ಕ್ಯಾನ್ಸರ್. ಆಸ್ಪತ್ರೆಯ ಡಾಕ್ಟರಮ್ಮ ಎದುರು ಕೂರಿಸಿಕೊಂಡು, ಇದಕ್ಕೆ ಮದ್ದಿದೆ, ಆದರೆ ಮದ್ದು ನಿಮ್ಮನ್ನೂ ಸ್ವಲ್ಪ ಹಣ್ಣು ಮಾಡುತ್ತದೆ ಎಂದು ನೇರವಾಗಿ ಹೇಳಿದ್ದರು. ತಲೆಗೂದಲು ಉದುರಿತು. ಇದ್ದಬದ್ದದ್ದನ್ನು ತಾನೇ ಬೋಳಿಸಿಕೊಂಡು, ಅಚ್ಚು ಕೆಟ್ಟು ಉಳಿದಿದ್ದ ಫುಟ್ಬಾಲ್ ತಂಡದ ಬನಿಯನ್ನನ್ನು ತಲೆಗೆ ಸುತ್ತಿಕೊಂಡಳು. ಹಣೆಯ ಮೇಲೆ ತಂಡದ ಹೆಸರು ಉಲ್ಟಾ ಕಾಣುತ್ತಿತ್ತು. ಮದ್ದು ಮುಗಿದು, ಸ್ಕ್ಯಾನಿನಲ್ಲಿ ಗಂಟುಗಳು ಕರಗಿವೆ ಎಂದಾಗ ಇಡೀ ಬೀದಿಗೆ ಕೇಳುವಂತೆ, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಸಾರಿಕೊಂಡು ಬಂದಳು. ಸಾವಿರ ವರ್ಷ ನಿನ್ನ ಜೊತೆ ನಾನು ಹೇಗೆ ಏಗಲಿ ಎಂದು ನಾನು ಗೊಣಗಿದೆ.

ಒಂದು ವರ್ಷ ಚೆನ್ನಾಗೇ ಕಳೆಯಿತು. ಆಮೇಲೆ ತುರಿಕೆ ಶುರುವಾಯಿತು. ನಮ್ಮ ಕಸುಬಿನಲ್ಲಿ ತುರಿಕೆ ಹೊಸದೇನಲ್ಲ. ದ್ರಾವಣಕ್ಕೆ ಬೆರೆಸುವ ಬೈಕ್ರೋಮೇಟ್ ಎಂಬ ಕಿತ್ತಳೆ ಪುಡಿ ಇದೆಯಲ್ಲ, ಅದು ಕೈಗೆ ತಾಗಿದರೆ ಉಗುರು ಹಳದಿ, ಬೆರಳ ಸಂದಿ ಹಳದಿ, ಮೇಲೆ ಕೆರೆತ. ಮೊಂಡಕ್ಕ ಕೆರೆದುಕೊಂಡರೆ ಪುಡಿಯ ತುರಿ ಎಂದೆವು. ಅಂಗೈ ಹಳದಿಯಾದರೆ ಪುಡಿಯ ಬಣ್ಣ ಎಂದೆವು. ಭಾವ ಹೊಸ ಕೈಗವಸು ತಂದರು, ನಾನು ಮುಲಾಮು ತಂದೆ. ಕೈಗವಸು ಹಾಕಿಕೊಂಡು ಕೆರೆದುಕೊಳ್ಳಲಾಗುವುದಿಲ್ಲ ಎಂದು ಅವಳು ಅದನ್ನು ಮೂಲೆಗೆಸೆದಳು. ಊಟ ಕಡಿಮೆಯಾಗಿತ್ತು; ನನ್ನ ಕೈರುಚಿಯ ಮೇಲೆ ಅವಳಿಗೆ ಮೊದಲೇ ಮೂಗುಮುರಿತವಿತ್ತಾದ್ದರಿಂದ ಅದನ್ನೂ ನಾನು ಆ ಲೆಕ್ಕಕ್ಕೇ ಹಾಕಿದೆ. ಮೂತ್ರ ಕಡುಚಹಾದ ಹಾಗೆ ಆಗುತ್ತಿದ್ದದ್ದನ್ನು, ಮಲ ಸುಣ್ಣದ ಹಾಗೆ ಬಿಳಚಿಕೊಂಡದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಶಾಲೆಗಳ ಬನಿಯನ್ನಿನ ಆರ್ಡರು ತಲೆಯ ಮೇಲೆ ಕೂತಿತ್ತು. ಡಾಕ್ಟರಮ್ಮ ಬರಹೇಳಿದ್ದ ದಿನವನ್ನು ಅದಕ್ಕಾಗಿಯೇ ಮುಂದೆ ಹಾಕಿದ್ದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಯಿತು. ಕಣ್ಣು ನೆಟ್ಟಗಿದ್ದ ನಾವು ಮೂವರು ದಿನವಿಡೀ ಎಲ್ಲವನ್ನೂ ಹಳದಿಯಾಗಿ ನೋಡುತ್ತಾ ಕೂತಿದ್ದೆವು. ಕಾಮಾಲೆ ಬಂದವಳು ನಮ್ಮ ಎದುರಿಗೇ ಊಟಕ್ಕೆ ಕೂರುತ್ತಿದ್ದಳು.

ಕರೆಂಟು ಹೋಗದಿದ್ದರೆ ಇನ್ನೆಷ್ಟು ದಿನ ಹಾಗೇ ಇರುತ್ತಿದ್ದೆವೋ. ದ್ರಾವಣ ಒಣಗಿದ ಬಲೆಯ ಮೇಲೆ ಅಕ್ಷರದ ಹಾಳೆ ಇಟ್ಟು ಬೆಳಕು ಕೊಡಬೇಕು. ಅದಕ್ಕೆ ನಮ್ಮಲ್ಲಿ ದೀಪದ ಪೆಟ್ಟಿಗೆಯಿದೆ. ಅವತ್ತು ಬೆಳಗ್ಗೆಯಿಂದ ಕರೆಂಟಿರಲಿಲ್ಲ. ಹಳೆಯ ಕಾಲದ ಹಾಗೆ ಬಿಸಿಲಿಗೆ ಹಿಡಿಯೋಣ ಎಂದು ಚೌಕಟ್ಟಿಗೆ ಕಪ್ಪುಬಟ್ಟೆ ಸುತ್ತಿ, ಮೇಲೆ ಗಾಜು ಹೊತ್ತುಕೊಂಡು ನಾವಿಬ್ಬರೂ ಮಹಡಿಯ ಮೇಲೆ ಹೋದೆವು. ಬಟ್ಟೆ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಮುಚ್ಚಬೇಕು. ತಡವಾದರೆ ಬಲೆ ಕೆಟ್ಟಂತೆ. ಬಟ್ಟೆ ಸರಿಸಿದ ಮೊಂಡಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಬಿಸಿಲು ನೇರ ಅವಳ ಮುಖದ ಮೇಲಿತ್ತು. ಅವಳ ಕಣ್ಣಿನಲ್ಲಿ ಬಿಳಿ ಇರಲಿಲ್ಲ.

ಅವಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದೆ. ಅವಳು ಕೈ ಕೊಡವಿದಳು, ಬಟ್ಟೆ ಮುಚ್ಚು ಎಂದಳು. ನಾನು ಮುಚ್ಚಲಿಲ್ಲ. ಅವಳ ತೋಳು ಮೇಲೆತ್ತಿ ನನ್ನ ತೋಳಿನ ಪಕ್ಕ ಇಟ್ಟೆ. ಅವಳದು ಭುಜದವರೆಗೂ ಹಳದಿ. ಪುಡಿ ಮೊಣಕೈ ಮೇಲೆಲ್ಲ ಹತ್ತುವುದಿಲ್ಲವಲ್ಲ ಎಂದು ಅವಳಿಗೇ ಹೊಳೆದಿರಬೇಕು, ತೋಳನ್ನು ತಾನೇ ತಿರುಗಿಸಿ ನೋಡಿಕೊಂಡಳು. ಅಷ್ಟರಲ್ಲಿ ಬಲೆ ಬಿಸಿಲಿಗೆ ಬೆಂದುಹೋಗಿತ್ತು. ನನ್ನ ಕೈಯಲ್ಲಿ ಬಲೆ ಕೆಟ್ಟಾಗ ಅವಳು ಬೈಯದೇ ಹೋದದ್ದು ಅದೊಂದೇ ಸಲ.

ಡಾಕ್ಟರಮ್ಮ ನೋಡಿದ ಕೂಡಲೇ ವಾರ್ಡಿಗೆ ಸೇರಿಸಿದರು. ಈ ಕಾಯಿಲೆಯವರು ಹಳದಿಯಾಗುವುದಕ್ಕೆ ಹಲವು ದಾರಿಗಳಿವೆ ಎಂದು ನಮಗೆ ಬಿಡಿಸಿ ಹೇಳಿದರು. ಕಾಯಿಲೆ ಲಿವರಿನೊಳಗೇ ಇಳಿದಿರಬಹುದು. ಹಿಂದೆ ಕೊಟ್ಟ ಮದ್ದು ಲಿವರಿಗೆ ಪೆಟ್ಟು ಮಾಡಿರಬಹುದು. ಮೈಯಲ್ಲಿ ಎಂದೋ ಸೇರಿ ಮಲಗಿದ್ದ ಕಾಮಾಲೆಯ ವೈರಸ್ಸು ಮದ್ದಿನ ಕಾರಣಕ್ಕೆ ಎದ್ದಿರಬಹುದು. ಇಲ್ಲವೇ ಲಿವರಿನ ಬಾಗಿಲಲ್ಲೇ ಗಂಟು ಬೆಳೆದು, ಪಿತ್ತ ಇಳಿದು ಬರುವ ನಾಳವನ್ನು ಅದುಮಿರಬಹುದು. ಪಿತ್ತಕ್ಕೆ ದಾರಿ ಇಲ್ಲದಿದ್ದರೆ ಅದು ರಕ್ತಕ್ಕೆ ನುಗ್ಗುತ್ತದೆ, ಆಗ ಕಣ್ಣು ಹಳದಿ, ಮೈ ತುರಿಕೆ, ಮಲ ಬಿಳಿಚು. ಯಾವುದು ಎಂದು ತಿಳಿಯದೆ ಏನೂ ಮಾಡುವಂತಿಲ್ಲ, ತಿಳಿಯುವ ತನಕ ಹೊರಗಿನ ಯಾವ ಔಷಧಿಯನ್ನೂ ಬಾಯಿಗೆ ಹಾಕಬೇಡಿ ಎಂದರು. ಸ್ಕ್ಯಾನಾಯಿತು, ರಕ್ತ ಹೋಯಿತು, ಸೂಜಿಯಿಂದ ಗಂಟಿನ ಚೂರು ತೆಗೆದು ನೋಡಿದ್ದೂ ಆಯಿತು. ಹಳೆಯ ಕಾಯಿಲೆಯೇ ಮರಳಿತ್ತು. ಗಂಟು ಪಿತ್ತನಾಳದ ಮೇಲೆ ಕೂತಿತ್ತು.

ಮನೆಯವರ ಕಿವಿಗೆ ಬಿದ್ದದ್ದು ಎರಡೇ ಮಾತು: ಲಿವರು, ಮತ್ತೆ ಬಂದಿದೆ. ಉಳಿದದ್ದು ಯಾರಿಗೂ ಬೇಡವಾಯಿತು. ಭಾವನ ತಾಯಿ ಕೊನೆಗಾಲದಲ್ಲಿ ಹೀಗೇ ಹಳದಿಯಾಗಿ ಹೋದವರು. ನಾನು ಬರುವ ಮೊದಲಿನ ಮಾತದು. ಭಾವನ ಪಾಲಿಗೆ ಹಳದಿ ಎಂದರೆ ಮುಗಿಯಿತು ಎಂದೇ ಅರ್ಥ. ಅವರು ವಾರ್ಡಿನ ಬೆಂಚಿನ ಮೇಲೆ ಕೈಚೆಲ್ಲಿ ಕೂತರು. ಏನು ಕೇಳಿದರೂ ಹೂಂ ಎನ್ನುತ್ತಿದ್ದರು.

ಸುದ್ದಿ ಹಬ್ಬಿ ನೆಂಟರು ಬರತೊಡಗಿದರು. ಬಂದವರು ಕಾಲಿನ ಕಡೆ ನಿಂತು, ತಲೆ ಓರೆ ಮಾಡಿ, ಪಾಪ ಎನ್ನುವ ಮುಖ ಮಾಡುತ್ತಿದ್ದರು. ಭಾವನ ತಂಗಿ, ನಮ್ಮ ನಾದಿನಿ, ಬಾಟಲಿಯಲ್ಲಿ ಹಸಿರು ರಸ ತಂದಿದ್ದಳು. ಯಾರೋ ಕೊಡುತ್ತಾರಂತೆ, ಎಂಥ ಕಾಮಾಲೆಯೂ ಇಳಿಯುತ್ತದಂತೆ. ಡಾಕ್ಟರಮ್ಮ ಹೇಳಿದ್ದನ್ನು ನಾನು ನೆನಪಿಸಿದರೆ, ಇನ್ನೇನು ಉಳಿದಿದೆ ಅತ್ತಿಗೆಗೆ, ಇದಾದರೂ ಕುಡಿಯಲಿ ಎಂದು ಕಣ್ಣೊರೆಸಿಕೊಂಡಳು. ಮಲಗಿದವಳಿಗೆ ಕಿವಿ ಇಲ್ಲ ಎಂದುಕೊಂಡಿದ್ದಳೋ ಏನೋ.

ಮೊಂಡಕ್ಕ ಎದ್ದು ಕೂತಳು. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಕೇಳಿದ್ದೆ. ಹೆಣ ಬೀಳೋ ಮುಂಚೆ ಅಳೋರನ್ನ ಈಗಲೇ ನೋಡಿದ್ದು. ಆ ಬಾಟಲಿ ಮುಚ್ಚಳ ಹಾಕು, ವಾಸನೆ ಬರ್ತಿದೆ,” ಎಂದಳು. ಮೆತ್ತಗೆ ಹೇಳಿದ್ದಲ್ಲ. ನರ್ಸು ಓಡಿ ಬಂದು ಗೋಡೆ ತೋರಿಸಿದಳು. ಅಲ್ಲಿ ‘ಸದ್ದು ಮಾಡಬೇಡಿ’ ಎಂಬ ಫಲಕವಿತ್ತು. ಮೊಂಡಕ್ಕ ಅದನ್ನು ಕಣ್ಣು ಕಿರಿದು ಮಾಡಿ ನೋಡಿ, ಅದನ್ನ ಅಚ್ಚು ಹಾಕಿದ್ದು ನಾನೇ, ನನಗೆ ಅದು ಲೆಕ್ಕಕ್ಕಿಲ್ಲ ಎಂದಳು. ನರ್ಸು ನಗು ತಡೆಯಲಾರದೆ ಹೊರಗೆ ಹೋದಳು. ನಾದಿನಿ ಬಾಟಲಿ ಎತ್ತಿಕೊಂಡು ಹೋದಳು, ಆಮೇಲೆ ಬಹಳ ದಿನ ನಮ್ಮ ಕಡೆ ತಲೆ ಹಾಕಲಿಲ್ಲ.

ಡಾಕ್ಟರಮ್ಮನ ಯೋಚನೆ ಹೀಗಿತ್ತು. ಗಂಟನ್ನು ಕರಗಿಸುವ ಮದ್ದು ಇನ್ನೂ ಇದೆ. ಆದರೆ ಅಂಥ ಮದ್ದುಗಳಲ್ಲಿ ಕೆಲವು ಮೈಯಿಂದ ಹೊರಹೋಗುವುದೇ ಲಿವರಿನ ದಾರಿಯಲ್ಲಿ. ದಾರಿ ಕಟ್ಟಿರುವಾಗ ಕೊಟ್ಟರೆ ಒಳಗೇ ಉಳಿದು ವಿಷವಾಗುತ್ತವೆ. ಮೊದಲು ಪಿತ್ತಕ್ಕೆ ದಾರಿ ಮಾಡಬೇಕು, ಆಮೇಲೆ ಮದ್ದು. ಬಾಯಿಯ ಮೂಲಕ ಉದ್ದನೆಯ ಕೊಳವೆ ಇಳಿಸಿ, ಪಿತ್ತನಾಳದ ಬಾಯಿ ಹುಡುಕಿ, ಪೆನ್ನಿನ ರೀಫಿಲ್ಲಿನಂಥ ಒಂದು ನಳಿಗೆ ಕೂರಿಸುತ್ತೇವೆ ಎಂದರು. ಅದನ್ನು ಸ್ಟೆಂಟ್ ಎನ್ನುತ್ತಾರೆ.

ಆ ಕೆಲಸಕ್ಕೆ ಒಳಗೆ ಕರೆದುಕೊಂಡು ಹೋದರು. ನಾನೂ ಭಾವನೂ ಹೊರಗೆ ಕೂತೆವು. ಬಹಳ ಹೊತ್ತಾದ ಮೇಲೆ ಬಾಗಿಲು ತೆಗೆದು ಬಂದ, ಕೊಳವೆ ಇಳಿಸುವ ಬೇರೆ ಡಾಕ್ಟರು ಟೋಪಿ ಕಳಚುತ್ತಾ, ಆಗಲಿಲ್ಲ ಎಂದರು. ಗಂಟು ಎಷ್ಟು ಬಿಗಿಯಾಗಿ ಅದುಮಿದೆ ಎಂದರೆ ನಳಿಗೆ ಇರಲಿ, ಅದಕ್ಕೂ ಮುಂಚೆ ತೂರಿಸುವ ಸಣ್ಣ ತಂತಿಯೂ ಒಳಗೆ ಹೋಗಲಿಲ್ಲವಂತೆ. ಪಿತ್ತ ಹೀಗೇ ನಿಂತರೆ ಅದರಲ್ಲಿ ಸೋಂಕು ಏಳಬಹುದು, ಬೇಗ ಬೇರೆ ದಾರಿ ನೋಡಬೇಕು ಎಂದು ಹೇಳಿ ಹೋದರು.

ಭಾವ ಎದ್ದು ಅಂಗಿ ಸರಿಮಾಡಿಕೊಂಡರು. ಮನೆಗೆ ಕರೆದುಕೊಂಡು ಹೋಗೋಣ ಎಂದರು. ಅಮ್ಮನನ್ನೂ ಕೊನೆಯಲ್ಲಿ ಹೀಗೇ ಚುಚ್ಚಿ ಚುಚ್ಚಿ ಇಟ್ಟರು, ಇವಳನ್ನು ಹಾಗೆ ಎಳೆದಾಡಿಸಲು ನನ್ನ ಕೈಲಾಗುವುದಿಲ್ಲ, ತನ್ನ ಮನೆಯಲ್ಲಿ ತನ್ನ ಮಂಚದ ಮೇಲೆ ನೆಮ್ಮದಿಯಾಗಿ ಇರಲಿ ಎಂದರು. ಭಾವನ ಎದುರು ನಾನು ಯಾವತ್ತೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. ಅವಳನ್ನು ಒಂದು ಮಾತು ಕೇಳದೆ ನೀವ್ಯಾರು ಎಳ್ಳುನೀರು ಬಿಡಲು ಎಂದುಬಿಟ್ಟೆ. ಅವರಿಗೆ ಸಿಟ್ಟೂ ಬರಲಿಲ್ಲ. ಅದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಮೊಂಡಕ್ಕನಿಗೆ ಎಚ್ಚರವಾದಾಗ ಡಾಕ್ಟರಮ್ಮನೂ ಅಲ್ಲಿದ್ದರು. ಭಾವ ತಲೆ ತಗ್ಗಿಸಿಕೊಂಡೇ, ಸಾಕು, ಮನೆಗೆ ಹೋಗೋಣ ಎಂದು ಅವಳಿಗೆ ಹೇಳಿದರು. ಅವಳ ಗಂಟಲು ಕೊಳವೆಯಿಂದ ಕೆರೆದುಹೋಗಿತ್ತು, ದನಿ ಅರ್ಧ ಬರುತ್ತಿತ್ತು. ಡಾಕ್ಟರಮ್ಮನ ಕಡೆ ತಿರುಗಿದಳು.

“ಕಟ್ಟಿದೆಯಾ, ಕಿತ್ತಿದೆಯಾ?” ಎಂದು ಕೇಳಿದಳು.

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಭಾವನಿಗೆ ತಿಳಿಯಿತು, ಅವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ನಾನು ಡಾಕ್ಟರಮ್ಮನಿಗೆ ನಮ್ಮ ಬಲೆಯ ಸಂಗತಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

“ಕಟ್ಟಿದೆ,” ಎಂದರು. “ಲಿವರು ಇನ್ನೂ ಕೆಲಸ ಮಾಡ್ತಿದೆ. ಇಳಿಯೋಕೆ ದಾರಿ ಇಲ್ಲ, ಅಷ್ಟೇ. ಪಕ್ಕೆಯಿಂದ ಸೂಜಿ ತೂರಿಸಿ ಪಿತ್ತನ ಹೊರಗೆ ಒಂದು ಚೀಲಕ್ಕೆ ಇಳಿಸಬಹುದು. ನೋವಾಗುತ್ತೆ. ರಕ್ತ ಸೋರಬಹುದು, ಸೋಂಕಾಗಬಹುದು. ಆಮೇಲೆ ಮದ್ದು ಹಿಡೀದೇ ಹೋಗಬಹುದು. ಗುಣ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ.”

“ಮಾತು ಬೇಡ, ದಾರಿ ಕೊಡಿ,” ಎಂದಳು ಮೊಂಡಕ್ಕ. ಆಮೇಲೆ ಗಂಡನ ಕಡೆ ತಿರುಗಿದಳು. “ಕಟ್ಟಿದ್ದನ್ನ ಯಾವತ್ತಾದ್ರೂ ಬಿಸಾಕಿದೀನಾ ನಾನು? ನೀವು ಬಿಸಾಕಿದ್ದನ್ನೂ ಎತ್ಕೊಂಡು ಬಂದಿದೀನಿ. ನಿಮ್ಮಮ್ಮಂದು ಬೇರೆ, ನಂದು ಬೇರೆ. ಮೈ ನಂದು, ಸಹಿ ನಾನೇ ಹಾಕ್ತೀನಿ.”

ಹಾಕಿದಳು. ಅಕ್ಷರ ವಕ್ರವಾಯಿತು. ಅಂಥ ಅಚ್ಚು ನನ್ನ ಕೈಯಲ್ಲಿ ಬಂದಿದ್ದರೆ ತೆಗೆದು ಪಕ್ಕಕ್ಕಿಡು ಎನ್ನುತ್ತಿದ್ದಳು. ಭಾವ ಬೆಂಚಿಗೆ ಹೋಗಿ ಕೂತು ಅತ್ತರು. ಗಂಡಸರು ಅಳುವುದನ್ನು ನೋಡಿ ನನಗೆ ಅಭ್ಯಾಸವಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

ಪಕ್ಕೆಲುಬಿನ ಸಂದಿಯಿಂದ ಕೊಳವೆ ಇಳಿಸಿದರು. ಅವತ್ತೇ ಚೀಲಕ್ಕೆ ಕಡುಹಸಿರು ಪಿತ್ತ ಇಳಿಯತೊಡಗಿತು. ಮೊಂಡಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ಬಣ್ಣ ನಮ್ಮ ಹತ್ತಿರ ಇಲ್ಲ ಎಂದಳು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದಳು. ನಾನು ಅವಳ ಕೈ ಹಿಡಿದೆ. ಮದುವೆಯಾಗಿ ಬಂದಾಗಿನಿಂದ ಅದೇ ಮೊದಲು. ಅವಳು ಬಿಡಿಸಿಕೊಳ್ಳಲಿಲ್ಲ. ದಿನ ಕಳೆದಂತೆ ಕೆರೆತ ತಗ್ಗಿತು, ಕಣ್ಣಿನ ಅಂಚಿನಿಂದ ಹಳದಿ ಹಿಂದೆ ಸರಿಯಿತು.

ಮನೆಗೆ ಬಂದ ಮೇಲೂ ಚೀಲ ಸೊಂಟದಲ್ಲೇ ಇತ್ತು. ಮಲಗಿರು ಎಂದರೆ ಕೇಳುವ ಪೈಕಿಯವಳಲ್ಲ. ಕೆಳಗಿಳಿದು ಅಚ್ಚಿನ ಮೇಜಿನ ಮುಂದೆ ನಿಂತಳು. ರಬ್ಬರ್ ಪಟ್ಟಿ ಎಳೆಯಲು ಬಗ್ಗಿದರೆ ಚೀಲ ಅಡ್ಡ ಬರುತ್ತಿತ್ತು, ಕೊಳವೆ ಜಗ್ಗುತ್ತಿತ್ತು. ಎರಡು ಸಲ ನೋಡಿದೆ. ಆಮೇಲೆ ಅವಳ ಮೇಲಂಗಿಗಳನ್ನೆಲ್ಲ ತಡಕಾಡಿ, ತಳಕ್ಕೆ ಬಿದ್ದಿದ್ದ ಆ ಹಳೆಯ ಗೂಟವನ್ನು ಹುಡುಕಿ ತೆಗೆದೆ. ಇಷ್ಟು ವರ್ಷ ಅದನ್ನು ಒಂದು ಮೇಲಂಗಿಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದಳು, ಮೊಂಡಿ. ಮೇಜಿನ ಕಾಲಿಗೆ, ಅವಳ ಸೊಂಟಕ್ಕಿಂತ ಕೆಳಗೆ, ಅದನ್ನು ಬಡಿದೆ. ಅವಳು ಚೀಲವನ್ನು ಅದಕ್ಕೆ ನೇತುಹಾಕಿದಳು. ನಿನ್ನ ಗೂಟ ನಿನಗೇ ಇರಲಿ ಎಂದೆ. ಬಟ್ಟೆ ಇಡು ಎಂದಳು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ನಾಲ್ಕಾರು ಬಟ್ಟೆಚೀಲಕ್ಕೆ ಅಚ್ಚು ಹಾಕಿ ಬೆವರು ಒರೆಸಿಕೊಂಡು ಕೂತಳು. ನಾಳೆ ಇನ್ನೊಂದೆರಡು ಹೆಚ್ಚು ಎಂದಳು.

ಒಂದು ಬೆಳಗ್ಗೆ ಪಾಯಿಖಾನೆಯಿಂದ ಬಂದವಳು ನಾವೆಲ್ಲ ತಿಂಡಿಗೆ ಕೂತಿದ್ದಾಗ, ಬಣ್ಣ ಬಂತು ಎಂದು ಘೋಷಿಸಿದಳು. ನನ್ನ ಗಂಡ ತಟ್ಟೆ ಎತ್ತಿಕೊಂಡು ಹೊರಗೆ ಹೋದ. ಡಾಕ್ಟರಮ್ಮ ಮಾತ್ರ ಅದನ್ನು ಕೇಳಿ ಮೇಜು ತಟ್ಟಿದರು. ಪಿತ್ತ ಸ್ವಲ್ಪ ಸ್ವಲ್ಪ ತನ್ನ ದಾರಿಯಲ್ಲೂ ಇಳಿಯುತ್ತಿದೆ, ಅಂದರೆ ಗಂಟು ಸಡಿಲವಾಗುತ್ತಿದೆ ಎಂದರ್ಥವಂತೆ. ಲಿವರು ತಡೆದುಕೊಳ್ಳುವಷ್ಟೇ ಅಳತೆಯಲ್ಲಿ ಮದ್ದು ಶುರುಮಾಡಿ ಆಗಲೇ ಕೆಲವು ವಾರವಾಗಿತ್ತು. ಬಳಿಕ ಮತ್ತೆ ಬಾಯಿಯ ಮೂಲಕ ಕೊಳವೆ ಇಳಿಸಿದರು. ಈ ಸಲ ತಂತಿ ಹೋಯಿತು, ನಳಿಗೆ ಕೂತಿತು. ಪಕ್ಕೆಯ ಕೊಳವೆ ತೆಗೆದರು. ಖಾಲಿ ಗೂಟದ ಮೇಲೆ ನಾನು ನನ್ನ ಕೈಚೀಲ ನೇತುಹಾಕಿದೆ. ಅವಳು ಅದನ್ನು ತೆಗೆದು ಕಿಟಕಿಯಲ್ಲಿಟ್ಟಳು.

ಕಾಯಿಲೆ ಹೋಯಿತು ಎಂದು ಡಾಕ್ಟರಮ್ಮ ಹೇಳಿಲ್ಲ. ಗಂಟು ಸಣ್ಣದಾಗಿದೆ, ಮದ್ದು ನಡೆಯುತ್ತಿದೆ ಎನ್ನುತ್ತಾರೆ. ಒಳಗಿರುವ ನಳಿಗೆಯೂ ಕಾಲಕಾಲಕ್ಕೆ ಕಟ್ಟಿಕೊಳ್ಳುತ್ತದೆ, ಬದಲಾಯಿಸುತ್ತಿರಬೇಕು. ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಗಳಿಗೆ ತಡಮಾಡದೆ ಓಡಿ ಬನ್ನಿ ಎಂದಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ, ಸರಿ. ನಮ್ಮಂಥ ಮನೆಯಲ್ಲಿ ಬಿಸಿಲಾದರೂ ಬೇಕು. ಹಳದಿ ಕೋಣೆಯನ್ನು ತೆಗೆಯಲಾಗುವುದಿಲ್ಲ, ಅದು ನಮ್ಮ ಅನ್ನ. ಹಾಗಾಗಿ ಮೊಂಡಕ್ಕ ಒಂದು ಕಟ್ಟಳೆ ಮಾಡಿದಳು. ಬೆಳಗ್ಗೆ ಕೆಲಸಕ್ಕೆ ಕೈ ಹಾಕುವ ಮೊದಲು ಎಲ್ಲರೂ ಮುಂಬಾಗಿಲ ಮೆಟ್ಟಿಲಿಗೆ ಬಂದು, ಬಿಸಿಲಿಗೆ ಮುಖ ಮಾಡಿ, ಒಬ್ಬರ ಕಣ್ಣು ಒಬ್ಬರಿಗೆ ತೋರಿಸಬೇಕು. ನನ್ನ ಕಣ್ಣನ್ನು ಅವಳು ಬೆರಳಿಂದ ಕೆಳಗೆಳೆದು ನೋಡಿ, ಬೆಳ್ಳಗಿದೆ, ಬುದ್ಧಿ ಮಾತ್ರ ಇಲ್ಲ ಎನ್ನುತ್ತಾಳೆ. ದಾರಿಹೋಕರು ನಿಂತು ನೋಡುತ್ತಾರೆ. ನಾನು ಗೊಣಗುತ್ತೇನೆ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ಕಳೆದ ವಾರ ಒಂದು ದಿನ, ಅವಸರದ ಆರ್ಡರಿಗೆಂದು ಬಲೆಗೆ ಬಣ್ಣ ಹಾಕಿಟ್ಟ ಮೇಲೆ ಮೆಟ್ಟಿಲಿಗೆ ಬಂದಿದ್ದೆವು; ಅವಳ ಕಣ್ಣು ನೋಡುವ ಸರದಿ ನನ್ನದಾಗಿತ್ತು. ರೆಪ್ಪೆ ಕೆಳಗೆಳೆದೆ. ಅಂಚಿನಲ್ಲಿ ತೆಳ್ಳಗೆ, ಇದೆಯೋ ಇಲ್ಲವೋ ಎನ್ನುವಷ್ಟು ಹಳದಿ. ಹಿಂದಿನ ದಿನ ಸಂಜೆ ಅವಳು ಚಳಿ ಎಂದು ಎರಡು ಅಂಗಿ ಹಾಕಿಕೊಂಡಿದ್ದು ನೆನಪಾಯಿತು. ನಾನು ಗೊಣಗದೆ ನಿಂತದ್ದನ್ನು ಕಂಡೇ ಅವಳಿಗೆ ಗೊತ್ತಾಯಿತು. ಅವಳು ಹೆದರಿದ್ದನ್ನು ನಾನು ನೋಡಿದೆ. ಇಷ್ಟು ದಿನದಲ್ಲಿ ಅದೂ ಮೊದಲು.

ಒಳಗೆ ಬಲೆ ಬಿಗಿಯುತ್ತಿದ್ದ ಭಾವ ನಮ್ಮ ಮೌನಕ್ಕೆ ಹೊರಗೆ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಬಹಳ ಹೊತ್ತು ನೋಡಿದರು. ಈಗ ಮೆಟ್ಟಿಲ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ ಎಂದು ನಾನು ಕಾದೆ. ಅವರು ಒಳಗೆ ಹೋದರು. ಇಕ್ಕಳ ಕೆಳಗಿಟ್ಟ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಅವಳ ಚಪ್ಪಲಿಯಿತ್ತು. ಬಗ್ಗಿ ಅದನ್ನು ಅವಳ ಕಾಲಿನ ಮುಂದಿಟ್ಟರು.

“ಕಟ್ಟಿದೆ ಅಷ್ಟೇ, ಕಿತ್ತಿಲ್ಲ. ನಡಿ,” ಎಂದರು.

ಮೊಂಡಕ್ಕ ಗಂಡನನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು. ಎಡದ್ದು ಬಲಕ್ಕೆ ಇಟ್ಟಿದ್ದೀರಿ ಎಂದು ಬೈದು, ಸರಿಮಾಡಿ ಹಾಕಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ನನ್ನ ಕಡೆ ನೋಡಿದಳು.

“ಬಣ್ಣ ಒಣಗೋಕೆ ಬಿಡಬೇಡ ಗೊಣಗಮ್ಮ. ಬಲೆ ಒರೆಸಿಡು, ಬಂದು ಎಳೀತೀನಿ,” ಎಂದಳು.

ಅವರಿಬ್ಬರೂ ಬೀದಿಯ ತಿರುವು ದಾಟುವ ತನಕ ನಿಂತಿದ್ದು, ಒಳಗೆ ಹೋಗಿ ತಿನ್ನರ್ ಡಬ್ಬಿ ತೆಗೆದೆ.